ಬ್ಯಾಸಗಿ ಸೂಟಿಗೆ ಬರುವ ಮಕ್ಕಳಿಗೆ

ಮಕ್ಕಳೇ, ಪರೀಕ್ಷೆ ಮುಗಿದು ಸೂಟಿ ಬಿಟ್ಟಿತೆಂದರೆ ಬೆಂಗಳೂರು, ಪುಣೆ, ಹುಬ್ಬಳ್ಳಿಗಳಿಂದ ನೀವು ರೋಣ, ನರಗುಂದ, ಗಜೇಂದ್ರಗಡದ ಬಸ್ಸು ಹತ್ತಿ ಬರುತ್ತೀರಿ. ಬಂದ ಎರಡನೆಯ ದಿನಕ್ಕೇ ನಿಮ್ಮಲ್ಲಿ ಬಹಳ ಜನ ಕೇಳುವ ಮಾತು ಒಂದೇ: "ಅಜ್ಜಾ, ಇಲ್ಲೇನೈತಿ? ಬಿಸಲ ಬಿಟ್ರ ಮತ್ತೇನೂ ಇಲ್ಲ." ಆ ಮಾತಿಗೆ ನನಗೆ ಸಿಟ್ಟು ಬರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಇಲ್ಲಿನ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಇರುತ್ತದೆ. ಜೋಳ, ಕಡಲೆ, ಕುಸುಬೆ ಎಲ್ಲ ಮನೆ ಸೇರಿ, ಎರೆ ಹೊಲ ಕಾಲು ಸಿಕ್ಕುವಷ್ಟು ಬಿರಿದು ನಿಂತಿರುತ್ತದೆ. ಕಣ್ಣು ಹಾಯುವ ತನಕ ಒಂದು ಹಸಿರು ಎಲೆ ಕಾಣದ ಊರಿನಲ್ಲಿ ಏನಿದೆ ಎಂದು ಕೇಳುವುದು ತಪ್ಪಲ್ಲ.

ಇದೆ. ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಸೀಮೆಯನ್ನು ಶ್ರಾವಣದಲ್ಲಿ ನೋಡಿದವರಿಗೆ ಅದರ ಚೆಲುವು ತಿಳಿಯುತ್ತದೆ. ಬೇಸಿಗೆಯಲ್ಲಿ ಇದ್ದು ನೋಡಿದವರಿಗೆ ಅದರ ಬದುಕು ತಿಳಿಯುತ್ತದೆ. ಬೆಳಗಿನ ಹೊತ್ತು ಮನೆಮಂದಿ ಎಲ್ಲ ಸೇರಿ ಹಿತ್ತಲಲ್ಲಿ ಕೈ ಕೆಸರು ಮಾಡಿಕೊಳ್ಳುವುದು, ಸಂಜೆ ಎಲ್ಲರೂ ಕೂಡಿ ಕೆರೆಯ ಏರಿಯ ಮೇಲೆ ಸುಮ್ಮನೆ ಕೂರುವುದು, ಈ ಎರಡು ಕೆಲಸಕ್ಕೆ ನಿಮ್ಮ ರಜೆಯನ್ನು ಕೊಡಿ ಎಂದು ಕೇಳುತ್ತೇನೆ. ಎರಡೂ ಒಂದೇ ಕೆಲಸ ಎಂಬುದು ನಿಮಗೆ ಹತ್ತು ದಿನ ಕಳೆಯುವುದರೊಳಗೆ ತಾನೇ ಗೊತ್ತಾಗುತ್ತದೆ. ಹಿತ್ತಲಿನ ಬೆಂಡೆ ಗಿಡಕ್ಕೆ ಎರೆಯುವ ಒಂದು ಚೆರಿಗೆ ನೀರು ಎಲ್ಲಿಂದ ಬಂತು ಎಂದು ಹಿಂದೆ ಹಿಂದೆ ಹೋದರೆ ನೀವು ಮುಟ್ಟುವುದು ಕೆರೆಯನ್ನೇ.

ಮೊದಲು ಮಣ್ಣಿನ ಮಾತು. ರೋಣ, ನರಗುಂದದ ಕಡೆಗೆ ಹೆಚ್ಚಿನದು ಎರೆ, ಕರಿಯ ಮಣ್ಣು. ಗಜೇಂದ್ರಗಡದ ಗುಡ್ಡದ ಬದಿಗೆ ಹೋದಂತೆ ಮಸಾರಿ, ಕೆಂಪು ಮಣ್ಣು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಎರೆ ನೆಲದ ಮೇಲೆ ಕೊಡಗಟ್ಟಲೆ ನೀರು ಸುರಿದರೆ ಅದು ಬಿರುಕಿನೊಳಗೆ ಇಳಿದು ಹೋಗುತ್ತದೆ, ಗಿಡದ ಬೇರಿಗೆ ಸಿಗುವುದಿಲ್ಲ. ಮಸಾರಿಯದು ಬೇರೆ ಸ್ವಭಾವ: ನೀರು ಬೇಗ ಹೀರುತ್ತದೆ, ಬೇಗ ಬಿಡುತ್ತದೆ. ಆದ್ದರಿಂದ ಪಾತಿ ಮಾಡುವ ಮುಂಚೆ ಎರಡನ್ನೂ ಬೆರೆಸಿ, ಅದಕ್ಕೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಸೇರಿಸಿ, ಸಿಕ್ಕರೆ ಒಂದೆರಡು ಬುಟ್ಟಿ ಕೆರೆಯ ಗೋಡು ಹಾಕಿ. ಗೋಡು ಎಂದರೆ ವರ್ಷವರ್ಷವೂ ಮಳೆ ನೀರಿನ ಜೊತೆ ಹೊಲಗಳಿಂದ ತೊಳೆದು ಬಂದು ಕೆರೆಯ ತಳದಲ್ಲಿ ಕೂತ ಮಣ್ಣು. ನಮ್ಮ ಹೊಲದ ಸತ್ವವೇ ಅಲ್ಲಿ ಹೋಗಿ ಕೂತಿರುತ್ತದೆ, ಅದನ್ನು ತಿರುಗಿ ತಂದು ಹಾಕುವುದು ಹಿಂದಿನಿಂದ ಬಂದ ರೂಢಿ.

ಈ ಬಿಸಿಲಿನಲ್ಲಿ ಏನು ಹಾಕಬೇಕು ಎಂದು ಕೇಳುತ್ತೀರಿ. ಪೇಟೆಯ ನರ್ಸರಿಯಿಂದ ಗುಲಾಬಿ ತಂದು ನೆಡುವ ಆಸೆ ಇದ್ದರೆ ಅದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಈಗ ಹಾಕಬೇಕಾದದ್ದು ಬಿಸಿಲನ್ನು ಬಲ್ಲ ಪಲ್ಯೆಗಳು: ಚವಳಿಕಾಯಿ, ಬೆಂಡೆ, ಹೀರೆ, ಸವತೆ, ಪುಂಡಿಪಲ್ಯೆ, ರಾಜಗಿರಿ. ಹೀರೆ ಬಳ್ಳಿಯನ್ನು ನುಗ್ಗೆ ಗಿಡಕ್ಕೋ ದನದ ಹಕ್ಕೆಯ ತಡಿಕೆಗೋ ಹಬ್ಬಿಸಿ. ಮೆಂತೆ, ಕೊತ್ತಂಬರಿ ಬೇಕೇ ಬೇಕು ಎಂದರೆ ಬಚ್ಚಲ ಮಗ್ಗುಲಿನ ನೆರಳಿನಲ್ಲಿ ಒಂದು ಸಣ್ಣ ಮಡಿ ಮಾಡಿ. ಮೇ ತಿಂಗಳ ನಡುವಿಗೆ ಮೆಣಸಿನ ಬೀಜ, ಬದನೆ ಬೀಜ ಚೆಲ್ಲಿ ಅಗಿ ಮಾಡಿಕೊಳ್ಳಿ. ಜೂನ್ ತಿಂಗಳಲ್ಲಿ ಮಿರಗ ಮಳೆ ಸುರುವಾದ ಮೇಲೆ ಅವನ್ನು ಕಿತ್ತು ನೆಡಬಹುದು. ಅಷ್ಟೊತ್ತಿಗೆ ನಿಮ್ಮ ಸೂಟಿ ಮುಗಿದಿರುತ್ತದೆ ನಿಜ. ನೀವು ಚೆಲ್ಲಿದ ಅಗಿಯನ್ನು ನಿಮ್ಮ ಅಜ್ಜಿ ನೆಟ್ಟು ದಸರೆಗೆ ಅದರ ಕಾಯಿ ನಿಮಗೆ ಕಟ್ಟಿ ಕಳಿಸುತ್ತಾಳೆ. ತಾನು ಉಣ್ಣುವ ಹೊತ್ತಿಗೆ ಇರುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕದೆ ಬೀಜ ಚೆಲ್ಲುವುದನ್ನು ಚಿಕ್ಕಂದಿನಲ್ಲೇ ಕಲಿಯಬೇಕು.

ನೀರಿನ ಲೆಕ್ಕವನ್ನು ಮಾತ್ರ ಕಟ್ಟುನಿಟ್ಟಾಗಿ ಇಡಿ. ಅಕ್ಕಿ ತೊಳೆದ ನೀರು, ಕಾಯಿಪಲ್ಯೆ ತೊಳೆದ ನೀರು ಒಂದು ಹನಿಯೂ ಗಟಾರಕ್ಕೆ ಹೋಗಬಾರದು. ಕುಂಬಾರರ ಮನೆಯಿಂದ ಸಣ್ಣ ಗಡಿಗೆಗಳನ್ನು ತನ್ನಿ. ಒಂದೊಂದು ಪಾತಿಯ ನಡುವೆ ಕುತ್ತಿಗೆ ಮಟ್ಟ ಹೂತು, ನೀರು ತುಂಬಿ, ಮೇಲೆ ಒಂದು ಮುಚ್ಚಳ ಇಡಿ. ಸುಟ್ಟ ಮಣ್ಣಿನ ಗಡಿಗೆ ಒಳಗಿನಿಂದ ಸಣ್ಣಗೆ ಜಿನುಗುತ್ತದೆ. ಸುತ್ತಲ ಮಣ್ಣು ಒಣಗಿದಷ್ಟೂ ಹೆಚ್ಚು ಕೊಡುತ್ತದೆ, ತೇವ ಇದ್ದಾಗ ಕೈ ಹಿಡಿಯುತ್ತದೆ. ನೆಲದ ಮೇಲೆ ಶೇಂಗಾ ಹೊಟ್ಟು, ಕಣಿಕೆಯ ಚೂರು, ಒಣ ಎಲೆ ನಾಲ್ಕು ಬೆರಳು ದಪ್ಪ ಹರಡಿ. ನೀರು ಹಾಕುವುದು ಹೊತ್ತು ಮುಳುಗಿದ ಮೇಲೆ, ಇಲ್ಲವೇ ಮೂಡುವ ಮುಂಚೆ. ಮಧ್ಯಾಹ್ನ ಎಲೆ ಬಾಡಿತೆಂದು ಗಾಬರಿಯಾಗಿ ಕೊಡ ಎತ್ತಬೇಡಿ, ಸಂಜೆಗೆ ಅದೇ ಎಲೆ ತಾನೇ ಎದ್ದು ನಿಲ್ಲುತ್ತದೆ. ಸಂಜೆಗೂ ಏಳದಿದ್ದರೆ ಮಾತ್ರ ಅದಕ್ಕೆ ನೀರು ಸಾಲದಾಗಿದೆ ಎಂದು ತಿಳಿಯಿರಿ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದನ್ನು ನಿಮ್ಮ ಅಪ್ಪಂದಿರಿಗೂ ಓದಿ ಹೇಳಿ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಸಾವಿರ ಚದರ ಅಡಿ ಮಾಳಿಗೆಯ ಮೇಲೆ ಅಷ್ಟು ಮಳೆ ಬಿದ್ದರೆ 50,000 ಲೀಟರಿಗೂ ಹೆಚ್ಚು ನೀರು. ಅದರಲ್ಲಿ ಅರ್ಧವನ್ನು ಹಿಡಿದಿಟ್ಟರೂ ಒಂದು ಮನೆಯ ಕೈತೋಟ ಬೇಸಿಗೆ ದಾಟುತ್ತದೆ. ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ನಾವು ದೇವರ ಮನೆಗೆ, ಟಿವಿ ಗೋಡೆಗೆ ಜಾಗ ಬಿಡುತ್ತೇವೆ. ಮಳೆ ನೀರಿನ ತೊಟ್ಟಿಗೆ ಬಿಡುವುದಿಲ್ಲ. ಆಮೇಲೆ ಬೋರು ಕೊರೆಸುತ್ತೇವೆ. ಗದಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಲೆಗಟ್ಟಿದ್ದನ್ನು ನೀವೇ ನೋಡಿದ್ದೀರಿ. ಮೇಲಿನಿಂದ ಬರುವ ಒಳ್ಳೆಯ ನೀರನ್ನು ಬಿಟ್ಟು ಕೆಳಗಿನ ಕೆಟ್ಟ ನೀರಿಗೆ ಸಾಲ ಮಾಡುವುದು ಜಾಣತನ ಅಲ್ಲ.

ಹಿತ್ತಲ ಕೆಲಸವನ್ನು ಒಬ್ಬರೇ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಸೂಟಿಗೆ ಬಂದರೂ ಲ್ಯಾಪ್‌ಟಾಪ್ ಮುಂದೆ ಕೂರುವ ಅಪ್ಪನನ್ನು, ಅಡಿಗೆ ಮನೆಯಿಂದ ಹೊರಗೆ ಬರಲು ಬಿಡುವಿಲ್ಲದ ಅವ್ವನನ್ನು ಬೆಳಿಗ್ಗೆ ಆರಕ್ಕೆ ಕೈ ಹಿಡಿದು ಕರೆದು ತನ್ನಿ. "ಅಪ್ಪಾ, ಕುರ್ಚಿಗಿ ಹಿಡಿ, ಈ ಸಾಲ ನಿಂದು" ಎನ್ನಿ. ನಿಮ್ಮ ಅಪ್ಪ ಚಿಕ್ಕವನಿದ್ದಾಗ ಇದೇ ಹಿತ್ತಲಲ್ಲಿ ಬೆಳೆದವನು. ಮಣ್ಣು ಮುಟ್ಟಿದ ಅರ್ಧ ಗಂಟೆಗೆ ಅವನ ಬಾಯಿಂದ ಬರುವ ಮಾತು ನೀವು ಬೆಂಗಳೂರಿನ ಫ್ಲಾಟಿನಲ್ಲಿ ಎಂದೂ ಕೇಳಿರದ ಮಾತು. ಮನೆಯಲ್ಲಿ ಎದುರು ಬದುರು ಕೂತು ಮಾತಾಡಲು ಆಗದ ಎಷ್ಟೋ ಸಂಗತಿಗಳು ಪಕ್ಕಪಕ್ಕ ಕೂತು ಕಳೆ ಕೀಳುವಾಗ ಸಲೀಸಾಗಿ ಹೊರಗೆ ಬರುತ್ತವೆ. ಹತ್ತನೆಯ ತರಗತಿಯ ಅಂಕ ಕಡಿಮೆ ಬಂದ ಹುಡುಗ, ಕೆಲಸ ಹೋಗಿದ್ದನ್ನು ಮನೆಯಲ್ಲಿ ಹೇಳಲಾರದ ತಂದೆ, ಇಂಥವರಿಗೆ ಮುಖ ನೋಡದೆ ಮಾತಾಡಲು ಒಂದು ಜಾಗ ಬೇಕಾಗುತ್ತದೆ. ಹಿತ್ತಲು ಅಂಥ ಜಾಗ.

ಅಜ್ಜಿಯ ಹತ್ತಿರ ಬೀಜದ ವಿದ್ಯೆ ಇದೆ. ಅದನ್ನು ಈ ಸೂಟಿಯಲ್ಲೇ ಕೇಳಿ ಬರೆದುಕೊಳ್ಳಿ. ಬಳ್ಳಿಯ ಯಾವ ಕಾಯಿಯನ್ನು ಬೀಜಕ್ಕೆ ಬಿಡಬೇಕು, ಅದನ್ನು ಎಷ್ಟು ಒಣಗಿಸಬೇಕು, ಬೂದಿ ಕಲಸಿ ಮಡಕೆಯಲ್ಲಿ ಹೇಗೆ ಇಡಬೇಕು, ಸವತೆ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಯಾಕೆ ಮೆತ್ತುತ್ತಿದ್ದರು, ಇವೆಲ್ಲ ಅವಳಿಗೆ ಗೊತ್ತು. ಅಂಗಡಿಯ ಪೊಟ್ಟಣದ ಹೈಬ್ರಿಡ್ ಬೀಜದಿಂದ ಬೆಳೆದ ಕಾಯಿಯ ಬೀಜ ಮುಂದಿನ ವರ್ಷ ಅದೇ ಗುಣದ ಬೆಳೆ ಕೊಡುವುದಿಲ್ಲ. ಅಜ್ಜಿಯ ಮಡಕೆಯ ಬೀಜ ಕೊಡುತ್ತದೆ. ಹೊಲದಲ್ಲಿ ತಾನೇ ಬೆಳೆಯುವ ಹಕ್ಕರಿಕೆ, ಕಿರಕಸಾಲಿ ಸೊಪ್ಪುಗಳನ್ನು ಗುರುತು ಹಿಡಿಯುವವರು ನಿಮ್ಮ ಓಣಿಯಲ್ಲಿ ಇನ್ನು ಎಷ್ಟು ಜನ ಉಳಿದಿದ್ದಾರೆ, ಎಣಿಸಿ ನೋಡಿ. ಈ ತಿಳಿವಳಿಕೆ ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ, ಅದನ್ನು ಬಲ್ಲವರು ಹೋದ ದಿನ ಅದೂ ಹೋಗುತ್ತದೆ.

ಮಧ್ಯಾಹ್ನದ ಮಾತು ಬೇಡ. ಹನ್ನೊಂದರಿಂದ ನಾಲ್ಕರವರೆಗೆ ಒಳಗಿರಿ, ಅಂಬಲಿ, ಮಜ್ಜಿಗೆ ಕುಡಿಯಿರಿ, ಶಾವಿಗೆ ಹೊಸೆಯುವವರಿಗೆ, ಸಂಡಿಗೆ ಇಡುವವರಿಗೆ ಕೈಗೂಡಿಸಿ, ನಿದ್ದೆ ಬಂದರೆ ಮಲಗಿ.

ಸಂಜೆ ಕೆರೆಗೆ ಹೋಗಿ. ನಡೆದೇ ಹೋಗಿ. ಒಂದು ಬುಟ್ಟಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಹಿತ್ತಲಲ್ಲಿ ಕೊಯ್ದ ಎಳೆ ಸವತೆಕಾಯಿ ಇಟ್ಟುಕೊಳ್ಳಿ. ಬೇಸಿಗೆಯ ಕೆರೆಯಲ್ಲಿ ನೀರು ಕಡಿಮೆ. ಎಷ್ಟೋ ಕೆರೆಗಳಲ್ಲಿ ನಡುವೆ ಒಂದಿಷ್ಟು ಉಳಿದು, ಉಳಿದದ್ದು ಬರಿಯ ಅಂಗಳ. ನೋಡಲು ಇದೇ ಒಳ್ಳೆಯ ಕಾಲ. ತುಂಬಿದ ಕೆರೆ ತನ್ನ ಒಳಗನ್ನು ಮುಚ್ಚಿಕೊಂಡಿರುತ್ತದೆ. ಈಗಾದರೆ ಏರಿಯ ಕಲ್ಲು ಹೇಗೆ ಜೋಡಿಸಿದ್ದಾರೆ, ತೂಬು ಎಲ್ಲಿದೆ, ಕೋಡಿ ಯಾವ ಎತ್ತರಕ್ಕೆ ಇದೆ, ಮಳೆಯ ನೀರು ಯಾವ ಹಳ್ಳದಿಂದ ಬಂದು ಸೇರುತ್ತದೆ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಎಂಜಿನಿಯರಿಂಗ್ ಓದುವ ಮಕ್ಕಳು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಏರಿಯ ಮೇಲೆ ಒಂದು ಸಂಜೆ ನಡೆದು, ನೂರಾರು ವರ್ಷ ನೀರಿನ ಭಾರ ತಡೆದ ಮಣ್ಣಿನ ಕಟ್ಟೆಯ ಇಳಿಜಾರನ್ನು ಅಳೆದು ಬನ್ನಿ.

ಈ ಸೀಮೆಯವರಿಗೆ ಕೆರೆ ಎಂದರೆ ಏನಾಗಿತ್ತು ಎಂಬುದಕ್ಕೆ ನರೇಗಲ್ಲಿನ ಒಂದು ಶಾಸನ ಸಾಕು. ಕ್ರಿ.ಶ. 950ರ ಹೊತ್ತಿಗೆ, ರಾಷ್ಟ್ರಕೂಟರ ಕಾಲದಲ್ಲಿ, ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಅಲ್ಲಿ ಒಂದು ಬಸದಿ ಕಟ್ಟಿಸಿದಳು. ಆ ಬಸದಿಗೆ ಒಂದು ದಾನಶಾಲೆ ಇತ್ತು, ಹಸಿದು ಬಂದವರಿಗೆ ಅನ್ನ ಇಡುವ ಮನೆ. ಆ ದಾನಶಾಲೆಗೆ ದತ್ತಿಯಾಗಿ ಕೊಟ್ಟದ್ದು ಒಂದು ಕೆರೆ! ಅನ್ನದ ಬೆನ್ನಿಗೆ ನೀರು ನಿಂತಿರಬೇಕು ಎಂಬ ತಿಳಿವು ಒಂದು ಸಾವಿರ ವರ್ಷದ ಹಿಂದೆ ನಮ್ಮ ಊರುಗಳಲ್ಲಿ ಇತ್ತು. ಅಲ್ಲಿಂದ ಸೂಡಿಗೆ ಹೋಗಿ. ಚಾಲುಕ್ಯರ ರಾಜಮನೆತನದ ಅಕ್ಕಾದೇವಿ, ಯುದ್ಧಕ್ಕೂ ಆಡಳಿತಕ್ಕೂ ಹೆಸರಾದ ಹೆಣ್ಣುಮಗಳು, ಕಿಸುಕಾಡು ಎಪ್ಪತ್ತನ್ನು ಆಳಿದ ನೆಲ ಅದು. ಜೋಡು ಕಳಸದ ಗುಡಿ ನೋಡಿದ ಮೇಲೆ ನಾಗಕುಂಡದ ಮೆಟ್ಟಿಲ ಮೇಲೆ ಮನೆಮಂದಿಯೆಲ್ಲ ಕೂತುಕೊಳ್ಳಿ. ಕೆತ್ತಿದ ಕಲ್ಲು ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ನೀರು ಏರಲಿ ಇಳಿಯಲಿ, ಹೆಂಗಸರು ಮಕ್ಕಳು ಜಾರದೆ ಅದನ್ನು ಮುಟ್ಟುವಂತಿರಬೇಕು ಎಂದು ಯೋಚಿಸಿ ಕಟ್ಟಿದವರು ಅವರು. ಅಲ್ಲಿ ಪ್ಲಾಸ್ಟಿಕ್ ಬಾಟಲಿ ಎಸೆದು ಬರುವವರನ್ನು ಕಂಡರೆ ಸುಮ್ಮನಿರಬೇಡಿ; ನಯವಾಗಿಯೇ ಹೇಳಿ, ಆದರೆ ಹೇಳಿ.

ಕೆರೆಯ ದಂಡೆಯಲ್ಲಿ ಕೂತಾಗ ಫೋನು ಬುಟ್ಟಿಯ ತಳದಲ್ಲಿರಲಿ. ಕಾಲು ಗಂಟೆ ಅಲುಗಾಡದೆ ಕೂತರೆ ಹಕ್ಕಿಗಳು ನಿಮ್ಮನ್ನು ಮರೆತು ತಮ್ಮ ಕೆಲಸಕ್ಕೆ ಹತ್ತುತ್ತವೆ. ಬೆಳ್ಳಕ್ಕಿ, ಮಿಂಚುಳ್ಳಿ, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಎಲ್ಲ ಸಿಗುತ್ತವೆ. ಒಣಗಿದ ಅಂಗಳದಲ್ಲಿ ಓಡುವಾಗ ಮಾತ್ರ ಕಾಲ ಕೆಳಗೆ ನೋಡಿಕೊಳ್ಳಿ. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಬೇಸಿಗೆಯಲ್ಲಿ ಬಯಲು ನೆಲದ ಹರಳುಗಳ ನಡುವೆಯೇ ತತ್ತಿ ಇಡುತ್ತದೆ. ತತ್ತಿಯ ಬಣ್ಣವೂ ಹರಳಿನದೇ. ತಲೆಯ ಮೇಲೆ ಹಾರಿ ಹಾರಿ ಅದು ಕೂಗುತ್ತಿದ್ದರೆ ನೀವು ಅದರ ಮನೆಗೆ ನುಗ್ಗಿದ್ದೀರಿ ಎಂದರ್ಥ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ಚಳಿಗಾಲದಲ್ಲಿ ಬರಲು ಆದರೆ ನಮ್ಮ ಜಿಲ್ಲೆಯದೇ ಮಾಗಡಿ ಕೆರೆಗೆ ಹೋಗಿ ಬನ್ನಿ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಹಿಂಡು ಹಿಂಡಾಗಿ ಇಳಿಯುತ್ತವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೆಲದ ಆಚೆ ತುದಿಯ ಹಕ್ಕಿಗೆ ನಮ್ಮ ಜಿಲ್ಲೆಯ ಒಂದು ಸಣ್ಣ ಕೆರೆಯ ವಿಳಾಸ ಗೊತ್ತಿದೆ, ಇದೇ ಜಿಲ್ಲೆಯ ಮಕ್ಕಳಾದ ನಿಮಗೂ ಗೊತ್ತಿರಲಿ.

ಈಗ ಹೇಳುವುದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಬೇಸಿಗೆ ಸೂಟಿಯಲ್ಲಿ ಈಜಲು ಹೋಗಿ ಮಕ್ಕಳು ಮುಳುಗಿದ ಸುದ್ದಿ ಬಾರದ ವರ್ಷ ಇಲ್ಲ. ಬಹಳ ಸಲ ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬನೂ ಹೋಗಿರುತ್ತಾನೆ. ಹಿಂದೆ ನಮಗೆ ಈಜು ಕಲಿಸುತ್ತಿದ್ದವರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಆ ಹಗ್ಗದ ತುದಿಯನ್ನು ತಮ್ಮ ಕೈಯಲ್ಲಿ ಹಿಡಿದೇ ಬಾವಿಗೆ ಇಳಿಸುತ್ತಿದ್ದರು. ಹಗ್ಗ ಹಿಡಿದ ಕಾಕಾನ ಕಣ್ಣು ಅತ್ತಿತ್ತ ಹೋಗುತ್ತಿರಲಿಲ್ಲ. ಈಗ ನೀರೂ ಬದಲಾಗಿದೆ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಅದು ಪಾಚಿ ಹಿಡಿದು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಒಳಗೆ ಬಿದ್ದವನಿಗೆ ಹಿಡಿಯಲು ಒಂದು ಕಲ್ಲಿಲ್ಲ, ಹತ್ತಲು ಒಂದು ಮೆಟ್ಟಿಲಿಲ್ಲ. ಕೆರೆಯಲ್ಲಿ ಜೆಸಿಬಿಯಿಂದ ಮಣ್ಣು ತೆಗೆದ ಕಡೆ ಆಳದ ಗುಂಡಿಗಳಿರುತ್ತವೆ, ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ತಲೆ ಮುಳುಗಿ ಹೋಗುತ್ತಾನೆ. ಕಾಲುವೆಯಲ್ಲಿ ನೀರು ಬಿಟ್ಟಾಗ ಸೆಳವು ಕಣ್ಣಿಗೆ ಕಾಣುವುದಕ್ಕಿಂತ ಜೋರು. ಆದ್ದರಿಂದ ಈಜು ಕಲಿಯಿರಿ, ಖಂಡಿತ ಕಲಿಯಿರಿ, ಹುಡುಗಿಯರೂ ಕಲಿಯಿರಿ. ಆದರೆ ಈಜು ಬಲ್ಲ ದೊಡ್ಡವರು ದಂಡೆಯ ಮೇಲೆ ಇಲ್ಲದೆ ಪಾದ ಕೂಡ ಇಳಿಸಬೇಡಿ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಸೀರೆ, ಹಗ್ಗ, ಉದ್ದನೆಯ ಬಡಿಗೆ, ಖಾಲಿ ಕೊಡ, ಸಿಕ್ಕದ್ದನ್ನು ಎಸೆಯಿರಿ, ಕೂಗಿ ಜನ ಕರೆಯಿರಿ. ಹೊಂಡ ಇರುವ ರೈತರಲ್ಲೂ ನನ್ನ ಕೈಮುಗಿದ ಕೇಳಿಕೆ: ಸುತ್ತ ತಂತಿ ಬೇಲಿ ಹಾಕಿ, ಒಳಗೆ ಒಂದು ಗಂಟು ಹಾಕಿದ ಹಗ್ಗವನ್ನು ಸದಾ ಇಳಿಬಿಟ್ಟಿರಿ. ಹಗ್ಗಕ್ಕೆ ತಗಲುವ ಖರ್ಚಂತೂ ಒಂದು ಚೀಲ ಗೊಬ್ಬರದ್ದೂ ಅಲ್ಲ.

ನರಗುಂದದ ಮಕ್ಕಳಿಗೆ ಬೇರೆಯದೇ ಒಂದು ಪಾಠ ಕಾಲಡಿಯಲ್ಲೇ ಇದೆ. ಅಲ್ಲಿನ ಗುಡ್ಡ ಹತ್ತಿದವರಿಗೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಗುಡ್ಡದ ಮೇಲಿನಿಂದ ಕೆಳಗೆ ನೋಡಿ ನೀರಿನ ಕಥೆಯನ್ನೂ ಓದಿಕೊಳ್ಳಿ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಒಣ ಬೇಸಾಯದ ಈ ನೆಲಕ್ಕೆ ಕಾಲುವೆ ಬಂತು. ನೀರು ಸರಿಯಾಗಿ ಮುಟ್ಟುವ ಮುಂಚೆಯೇ ಕರ ಕೇಳಿದಾಗ ರೈತರು ಎದ್ದರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು, ರೈತನ ಪ್ರಾಣ ಹೋಯಿತು. ಕರ್ನಾಟಕದ ರೈತ ಚಳವಳಿ ದೊಡ್ಡದಾಗಿ ಬೆಳೆದದ್ದು ಆ ದಿನದ ನಂತರ. ಇಂದಿಗೂ ಆ ದಿನ ಹುತಾತ್ಮರನ್ನು ನೆನೆಯುತ್ತಾರೆ. ಮಹದಾಯಿ ನದಿಯ ನೀರಿಗಾಗಿ ಅದೇ ಊರಿನಲ್ಲಿ 2015ರಿಂದ ವರ್ಷಗಟ್ಟಲೆ ಧರಣಿ ಕೂತರು. ಇಷ್ಟೆಲ್ಲ ಆದ ಊರಿನಲ್ಲೇ ಈಗ ನೆಲದ ಕೆಳಗಿನ ನೀರು ಮೇಲೇರಿದೆ. ಜೋಳ ತುಂಬಿಡಲು ಹಿರಿಯರು ತೋಡಿದ್ದ ಹಳೆಯ ಹಗೇವುಗಳು ತೇವ ಹಿಡಿದು, ಮನೆಯೊಳಗೆ ಓಣಿಯೊಳಗೆ ನೆಲ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಕೊಣ್ಣೂರು, ಹೊಳೆಆಲೂರಿನ ಕಡೆಯವರಿಗೆ ಮೇ ತಿಂಗಳಲ್ಲಿ ತೆಳ್ಳಗೆ ಹರಿಯುವ ಮಲಪ್ರಭೆಯೇ 2009ರಲ್ಲಿ, ಮತ್ತೆ 2019ರಲ್ಲಿ ಮನೆಯೊಳಗೆ ನುಗ್ಗಿದ್ದು ನೆನಪಿದೆ. ನೀರು ಇಲ್ಲದಿರುವುದು ಒಂದು ಕಷ್ಟ, ಅದನ್ನು ಅಳತೆಯಲ್ಲಿ ಬಳಸದಿರುವುದು ಇನ್ನೊಂದು. ಹಿತ್ತಲಿನ ಪಾತಿಯಲ್ಲಿ ಹೆಚ್ಚು ನೀರು ನಿಂತು ಬೇರು ಕೊಳೆತದ್ದನ್ನು ಕಂಡ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಗಜೇಂದ್ರಗಡಕ್ಕೆ ಹೋಗಿ. ಯುಗಾದಿಯ ನಂತರದ ದವನದ ಹುಣ್ಣಿಮೆಗೆ ಕಾಲಕಾಲೇಶ್ವರನ ಜಾತ್ರೆ. ಆಗ ಬಂದರೆ ಜನ ಕಾಣುತ್ತೀರಿ, ಬೇರೆ ದಿನ ಬಂದರೆ ಗುಡ್ಡ ಕಾಣುತ್ತೀರಿ. ಎರಡನೆಯದು ನನಗೆ ಇಷ್ಟ. ಬಂಡೆಯ ಮೆಟ್ಟಿಲು ಹತ್ತಿ ಹೋದರೆ ಗುಡಿಯ ಬಳಿ ಅಂತರಗಂಗೆ ಇದೆ. ಸುತ್ತ ಊರುಗಳ ಬಾವಿ ಬತ್ತುವ ಬೇಸಿಗೆಯಲ್ಲೂ ಅಲ್ಲಿ ಮರದ ಬೇರಿನ ಎಡೆಯಿಂದ ನೀರು ಬೀಳುತ್ತಲೇ ಇರುತ್ತದೆ. ದೇವರ ಮಹಿಮೆ ಎಂದು ಕೈಮುಗಿಯಿರಿ, ನಾನೂ ಮುಗಿಯುತ್ತೇನೆ. ಅದರ ಜೊತೆ ಮಕ್ಕಳಿಗೆ ಇದನ್ನೂ ಹೇಳಿ: ಗುಡ್ಡದ ಮೇಲೆ ಬಿದ್ದ ಮಳೆ ಗಿಡಮರಗಳ ಬೇರು ಹಿಡಿದು, ಬಂಡೆಯ ಸೀಳಿನಲ್ಲಿ ಇಳಿದು, ನಿಧಾನವಾಗಿ ಹೊರಗೆ ಬರುತ್ತದೆ. ಗುಡ್ಡ ಬೋಳಾದರೆ ಗಂಗೆಯೂ ಉಳಿಯಳು. ಗುಡ್ಡದ ಕವಳಿ ಹಣ್ಣು ತಿನ್ನಿ, ಗಾಳಿಯಂತ್ರಗಳನ್ನು ನೋಡಿ, ಬೆಂಕಿಕಡ್ಡಿ ಮಾತ್ರ ಒಯ್ಯಬೇಡಿ. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಇಳಿದು ಬರುವಾಗ ಪೇಟೆಯಲ್ಲಿ ಕೈಮಗ್ಗದ ಸೀರೆ ನೇಯುವವರ ಮನೆಯ ಮುಂದೆ ಒಂದು ಗಳಿಗೆ ನಿಲ್ಲಿ, ಅವ್ವನಿಗೆ ಒಂದು ಸೀರೆ ಕೊಡಿಸಿ.

ಊರಿಗೆ ವಾಪಸು ಬಂದು ಒಕ್ಕಲುತನ ಮಾಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಎಳೆಯ ವಯಸ್ಸಿನಲ್ಲೇ ಗುರುವನ್ನು ಹುಡುಕಿ ಮನೆ ಬಿಟ್ಟು ಹೋದರು. ಹೋದದ್ದರಿಂದಲೇ ಜಗತ್ತಿಗೆ ಆ ದನಿ ಸಿಕ್ಕಿತು. ನೀವೂ ಹೋಗಿ, ದೊಡ್ಡವರಾಗಿ. ಆದರೆ ವರ್ಷಕ್ಕೊಮ್ಮೆ ಬಂದಾಗ ಅತಿಥಿಗಳಂತೆ ಬಂದು ಹೋಗಬೇಡಿ. ಊರಿನ ನೀರು ಕುಡಿಯುವವರಿಗೆ ಊರಿನ ನೀರಿನ ಕೆಲಸದಲ್ಲಿ ಪಾಲಿದೆ. ರೋಣ, ಗಜೇಂದ್ರಗಡ, ನರೇಗಲ್ಲಿನ ಕುಡಿಯುವ ನೀರಿನ ಮಾತು ಬಂದಾಗಲೆಲ್ಲ ಮಲಪ್ರಭೆಯ ನೀರು ತುಂಬಿಸುವ ಜಿಗಳೂರು ಕೆರೆಯ ಹೆಸರು ಬರುತ್ತದೆ. ಅಂಥ ಕೆರೆಯಲ್ಲೂ ಏಪ್ರಿಲ್, ಮೇ ಬಿಸಿಲಿಗೆ ತೆರೆದ ನೀರು ದಿನಕ್ಕೆ ಏಳೆಂಟು ಮಿಲಿಮೀಟರ್ ಆವಿಯಾಗುತ್ತದೆ. ಒಂದು ಎಕರೆ ನೀರಿನ ಮೇಲೆ ಒಂದು ಮಿಲಿಮೀಟರ್ ಎಂದರೆ 4,000 ಲೀಟರ್. ಕೆರೆ ಹೂಳು ತುಂಬಿ ತಟ್ಟೆಯಂತೆ ಅಗಲವಾಗಿ ಆಳವಿಲ್ಲದೆ ಇದ್ದಷ್ಟೂ ಈ ನಷ್ಟ ಹೆಚ್ಚು. ಆಳ ಮಾಡಿದರೆ ಅದೇ ನೀರು ಇನ್ನಷ್ಟು ದಿನ ಬಾಳುತ್ತದೆ. ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತರೆ, ನೀರು ಬರುವ ಹಳ್ಳವನ್ನು ಯಾರೋ ಒತ್ತಿ ಹೊಲ ಮಾಡಿಕೊಂಡರೆ, ಎಷ್ಟು ಮಳೆ ಬಂದರೂ ಕೆರೆ ತುಂಬುವುದಿಲ್ಲ.

ಮೇ 25ರ ಹೊತ್ತಿಗೆ ರೋಹಿಣಿ ಮಳೆ ಹುಟ್ಟುತ್ತದೆ, ಜೂನ್ 8ರ ಸುಮಾರಿಗೆ ಮಿರಗ. ಅದಕ್ಕೂ ಮುಂಚಿನ ವಾರಗಳೇ ಕೆರೆಯ ಕೆಲಸಕ್ಕೆ ಇರುವ ಕಾಲ, ನಿಮ್ಮ ಸೂಟಿಯ ಕಾಲವೂ ಅದೇ. ಈ ಸಲ ಬಂದಾಗ ಗೆಳೆಯರನ್ನು ಕಟ್ಟಿಕೊಂಡು ನಿಮ್ಮ ಊರಿನ ಗ್ರಾಮ ಪಂಚಾಯಿತಿಗೆ ಹೋಗಿ, ಪಟ್ಟಣದವರಾದರೆ ಪುರಸಭೆಗೆ ಹೋಗಿ. ನಮ್ಮ ಕೆರೆಯ ಸರಹದ್ದು ಎಲ್ಲಿಂದ ಎಲ್ಲಿಗೆ, ನೀರು ಬರುವ ದಾರಿ ಯಾವುದು, ಹೂಳು ತೆಗೆದು ಎಷ್ಟು ವರ್ಷವಾಯಿತು, ಉದ್ಯೋಗ ಖಾತ್ರಿಯಂಥ ಸರ್ಕಾರದ ಕೂಲಿ ಯೋಜನೆಯಲ್ಲಿ ಈ ಬೇಸಿಗೆ ಕೆಲಸ ಹಿಡಿಯಲು ಆಗುತ್ತದೆಯೇ, ಕೇಳಿ. ಒಮ್ಮೆ ಉತ್ತರ ಸಿಗದಿದ್ದರೆ ಮತ್ತೆ ಹೋಗಿ ಕೇಳಿ. ದೊಡ್ಡವರು ಕೇಳಿದರೆ ರಾಜಕೀಯ ಎನ್ನುತ್ತಾರೆ, ಓದುವ ಮಕ್ಕಳು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ನಿಮ್ಮ ಮನೆಯ ಟ್ರ್ಯಾಕ್ಟರಿನಲ್ಲಿ ಒಂದು ಹೇರು ಗೋಡು ಹಿತ್ತಲಿಗೂ ಬರಲಿ, ಅಪ್ಪ ಅವ್ವ ಇಬ್ಬರೂ ಬುಟ್ಟಿ ಹಿಡಿಯಲಿ. ಈ ಮಾತನ್ನು ಓದಿ ಮಡಚಿ ಇಡಬೇಡಿ, ಮಕ್ಕಳೇ. ಬರುವ ಸೋಮವಾರವೇ ಪಂಚಾಯಿತಿ ಕಚೇರಿಗೆ ಹೋಗಿ ಬನ್ನಿ.